‘ಹೋಗಿ’ ಅನ್ನುವ ಮೊದಲಿನ ಉಸಿರು

“ಆ ಉಸಿರನ್ನ ಮೊದಲು ತೆಗೀರಿ!”

ಬಾಗಿಲು ತಟ್ಟದೆ ನುಗ್ಗಿ ಬಂದವಳನ್ನು ಅವನು ಕತ್ತೆತ್ತಿ ನೋಡಿದ. ಹೆಡ್‌ಫೋನನ್ನು ನಿಧಾನವಾಗಿ ಕುತ್ತಿಗೆಗೆ ಇಳಿಸಿದ.

“ಯಾರ ಉಸಿರು?”

“ಪರದೆ ಮೇಲೆ ನೋಡಿ, ಬಾಗಿಲ ಹತ್ರ ನಿಂತಿದಾಳಲ್ಲ ನಮ್ಮ ರಾಣಿ. ಗಂಡ ‘ನಾನು ಹೋಗ್ಲಾ?’ ಅಂತಾನೆ. ಇವಳು ‘ಹೋಗಿ’ ಅಂತಾಳೆ. ಅದಕ್ಕೆ ಮುಂಚೆ ಯಾರೋ ಉಸಿರು ಎಳ್ಕೊಂಡ ಸದ್ದಿದೆ. ರಾಣಿ ತುಟಿ ಮುಚ್ಚಿದೆ, ಭುಜ ಅಲ್ಲಾಡಿಲ್ಲ. ಅದು ಅವಳದಲ್ಲ! ಬರೀ ಕಸ.”

ಕಸ ಎಂಬ ಮಾತಿಗೆ ಅವನ ಮುಖ ಕೆಂಪಾಯಿತು.

“ತೆಗೆಯಲ್ಲ.”

“ಏನಂದ್ರಿ?”

“ತೆಗೆಯಲ್ಲ ಅಂದೆ. ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗಿ.”

ಅವಳ ಜನ್ಮದಲ್ಲಿ ಯಾರೂ ಅವಳಿಗೆ ಹಾಗೆ ಹೇಳಿರಲಿಲ್ಲ. ಅದೂ ಹಳೆಯ ಸಿನಿಮಾದ ವಿಷಯದಲ್ಲಿ!

ಹಾಳಾಗುತ್ತಿರುವ ಹಳೆಯ ಚಿತ್ರಗಳನ್ನು ಸರಿಪಡಿಸುವ ಸ್ಟುಡಿಯೊ ಅದು. ಚಿತ್ರದ ಮೇಲಿನ ಗೀರು, ಕಲೆಗಳನ್ನು ಅಳಿಸುವುದು ಅವಳ ಕೆಲಸ. ಧ್ವನಿ ಶುದ್ಧ ಮಾಡುವುದು ಹೊಸದಾಗಿ ಸೇರಿದ ಅವನ ಕೆಲಸ. ಅವಳಿಗಂತೂ ಅದು ಬರೀ ಕೆಲಸವಲ್ಲ, ಹುಚ್ಚು. ಮನೆಯಲ್ಲಿ ಅವಳನ್ನು ಕರೆಯುವುದೇ ‘ಹಳೇ ರೀಲು’ ಎಂದು.

“ಬದುಕಿರೋ ಗಂಡಸರಲ್ಲಿ ಒಬ್ಬನನ್ನಾದ್ರೂ ಇಷ್ಟಪಡೇ,” ಎಂದು ಅಕ್ಕ ಗೋಗರೆಯುತ್ತಿದ್ದಳು. “ಎಲ್ಲರೂ ಕಪ್ಪು ಬಿಳುಪಲ್ಲೇ ಇರಬೇಕಾ ನಿಂಗೆ?”

ಈಗ ಕೈಯಲ್ಲಿದ್ದದ್ದು ಅವಳ ಪ್ರಾಣದಂಥ ಚಿತ್ರ. ಅದರ ನಾಯಕಿಯನ್ನು ಅವಳು ‘ರಾಣಿ’ ಎಂದೇ ಕರೆಯುತ್ತಿದ್ದಳು. ತೀರಿಹೋದ ಆ ನಟಿಯ ಬಗ್ಗೆ ಯಾರಾದರೂ ಒಂದು ಮಾತು ಎತ್ತಿದರೆ ಜಗಳಕ್ಕೇ ನಿಲ್ಲುವಳು.

ಒಂದೇ ಚಿತ್ರ, ಪಕ್ಕಪಕ್ಕದ ಕೋಣೆ. ಮಾತಾಡದೆ ಇರಲು ಸಾಧ್ಯವೇ? ಊಟದ ಹೊತ್ತಿಗೆ ಇಬ್ಬರೂ ಒಂದೇ ಪರದೆಯ ಮುಂದೆ ಕೂರತೊಡಗಿದರು.

“ಈ ಮೀಸೆ ಹೀರೋ ಇದಾನಲ್ಲ,” ಎಂದಳು ಒಂದು ದಿನ, “ಎಷ್ಟೇ ದುಃಖ ಬಂದ್ರೂ ಅಳಲ್ಲ. ಯಾಕೆ ಹೇಳಿ?”

“ಗಟ್ಟಿ ಮನಸ್ಸು?”

“ಮೂಗು ಸೋರಿದ್ರೆ ಮೀಸೆ ಅಂಟು ಬಿಟ್ಕೊಳತ್ತೆ!”

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

“ಇನ್ನೊಂದು. ಆ ಕಾಲದ ಸಿನಿಮಾಗಳಲ್ಲಿ ಬಾಗಿಲು ತಟ್ಟಿ ಒಳಗೆ ಬರೋ ಮರ್ಯಾದಸ್ಥ ಅಂದ್ರೆ ವಿಲನ್ ಒಬ್ನೇ.”

“ಓ... ಅದಕ್ಕೇ ನೀವು ತಟ್ಟಲ್ವಾ?”

ಅವಳು ತುಟಿ ಕಚ್ಚಿ ನಗು ತಡೆದಳು. ಅಯ್ಯೋ, ಇವನು ನಕ್ಕರೆ ನನಗ್ಯಾಕೆ ಇಷ್ಟು ಖುಷಿ? ಅಕ್ಕನಿಗೆ ಗೊತ್ತಾದರೆ ಮುಗೀತು ಕತೆ!

“ಆದ್ರೆ ರಾಣಿ ಮಾತ್ರ ಬೇರೆ,” ಎಂದಳು ಮೆಲ್ಲಗೆ. “ಉಳಿದ ನಟಿಯರೆಲ್ಲ ಬೇರೆಯವರ ದನಿಯಲ್ಲಿ ಮಾತಾಡಿದವರು. ಇವಳೊಬ್ಬಳದೇ ಸ್ವಂತ ದನಿ. ಆ ದನಿ ಕೇಳಿಯೇ ನಾನು ಈ ಕೆಲಸಕ್ಕೆ ಬಂದದ್ದು.”

ಅವನ ನಗು ತಟ್ಟನೆ ನಿಂತಿತು. ಏನೋ ಹೇಳಲು ಬಾಯಿ ತೆರೆದವನು ನುಂಗಿಕೊಂಡ.

“ಏನು?”

“ಏನಿಲ್ಲ. ನೀವು ಬೇರೆ ಏನು ಬೇಕಾದ್ರೂ ಕೇಳಿ, ಮಾಡ್ತೀನಿ. ಆ ಉಸಿರು ಒಂದು ಇರ್ಲಿ. ಕಾರಣ ಮಾತ್ರ ಕೇಳಬೇಡಿ.”

ಕಾರಣ ಹೇಳದಷ್ಟು ಜಂಬವೇ? ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ಲವೇ? ಅವಳ ಪ್ರೀತಿ ಎಷ್ಟು ಹೊಸದೋ ಸಿಟ್ಟು ಅಷ್ಟೇ ಹಳೆಯದು. ಚಿತ್ರದ ಮೊದಲ ಪ್ರದರ್ಶನ ಹತ್ತಿರ ಬಂದಾಗ ಅವಳು ನೇರ ಯಜಮಾನರ ಕೋಣೆಗೆ ಹೋದಳು. ತುಟಿ ಮುಚ್ಚಿರುವುದನ್ನು ತೋರಿಸಿದಳು. ಯಜಮಾನರು ತಲೆಯಾಡಿಸಿ, ಬೇರೊಬ್ಬ ಧ್ವನಿ ತಂತ್ರಜ್ಞನ ಕೈಯಲ್ಲಿ ಆ ಉಸಿರನ್ನು ತೆಗೆಸಿಬಿಟ್ಟರು.

ಮರುದಿನ ಅವನು ಅವಳ ಕೋಣೆಗೆ ಬಂದ. ಬಾಗಿಲು ತಟ್ಟಿ ಬಂದ.

“ನನ್ನ ಬೆನ್ನ ಹಿಂದೆ ತೆಗೆಸಿದ್ರಾ?”

“ಚಿತ್ರಕ್ಕೆ ಯಾವುದು ಒಳ್ಳೇದೋ ಅದನ್ನ ಮಾಡ್ದೆ.”

“ಎಲ್ಲ ನಟರ ಬಗ್ಗೆಯೂ ನಿಮಗೊಂದು ಅಭಿಪ್ರಾಯ ಇದೆ. ಪಕ್ಕದಲ್ಲಿ ಕೂತವನು ಒಂದೇ ಒಂದು ಕೇಳ್ಕೊಂಡಿದ್ದ. ಅದು ಮಾತ್ರ ಕಿವಿಗೆ ಬೀಳ್ಲಿಲ್ಲ.” ಅವನು ಹೆಡ್‌ಫೋನನ್ನು ಅವಳ ಮೇಜಿನ ಮೇಲಿಟ್ಟ. “ನಾಳೆ ಚಿತ್ರ ನೋಡೋಕೆ ನಮ್ಮಮ್ಮ ಬರೋರಿದ್ರು. ಏನಂತ ಹೇಳ್ಲಿ ಅವರಿಗೆ?”

“ಅಮ್ಮ? ಅವರಿಗೂ ಇದಕ್ಕೂ ಏನು...”

ಅವನು ಆಗಲೇ ಹೊರಟಿದ್ದ. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

ಅವಳು ಅವನ ಹೆಡ್‌ಫೋನ್ ಹಾಕಿಕೊಂಡು ಆ ದೃಶ್ಯ ಓಡಿಸಿದಳು.

‘ನಾನು ಹೋಗ್ಲಾ?’

‘ಹೋಗಿ.’

ಮತ್ತೆ ಓಡಿಸಿದಳು. ಅವಳನ್ನು ಎಷ್ಟೋ ಸಲ ಅಳಿಸಿದ್ದ ದೃಶ್ಯ... ಈಗ ಏನೂ ಆಗಲಿಲ್ಲ! ಹೆಂಡತಿ ಗಂಡನನ್ನು ಹೋಗೆಂದಳು, ಅವನು ಹೋದ, ಅಷ್ಟೇ. ಬಸ್ಸಿಗೆ ಕಳಿಸಿದ ಹಾಗಿತ್ತು. ಆ ಉಸಿರಿದ್ದಾಗ ‘ಹೋಗಿ’ ಎಂದರೆ ‘ಹೋಗಬೇಡಿ’ ಎಂದಿತ್ತು!

ಇಷ್ಟು ವರ್ಷ ನಾನು ಅತ್ತದ್ದು ಆ ಉಸಿರಿಗೇ ಹೊರತು ಮಾತಿಗಲ್ಲ. ಅದನ್ನೇ ಕಸ ಅಂದೆನಲ್ಲ!

ಕ್ಷಮೆ ಕೇಳಬೇಕು, ಈಗಲೇ. ಅವನು ಫೋನ್ ಎತ್ತಲಿಲ್ಲ. ವಿಳಾಸ ಪತ್ತೆ ಮಾಡಿ, ಮೆಟ್ಟಿಲು ಹತ್ತಿ, ಜೀವನದಲ್ಲಿ ಮೊದಲ ಸಲವೋ ಎಂಬಂತೆ ಬಾಗಿಲು ತಟ್ಟಿದಳು.

“ಯಾರಮ್ಮ ಬೇಕಿತ್ತು?”

ಎದುರಿಗಿದ್ದವರು ನರೆಗೂದಲಿನ, ಮೊಣಕೈವರೆಗೆ ಸೋಪಿನ ನೊರೆ ಮೆತ್ತಿಕೊಂಡ ಒಬ್ಬ ಹೆಂಗಸು. ಆದರೆ ದನಿ... ವಯಸ್ಸಾಗಿ ಸ್ವಲ್ಪ ಒಡೆದಿತ್ತು, ನಿಜ. ನಿದ್ದೆಯಲ್ಲಿ ಕೇಳಿದರೂ ಅವಳಿಗೆ ಗುರುತು ಸಿಗುವ ದನಿ ಅದು.

“ನೀವು... ನೀವೇ ರಾಣಿ...”

“ರಾಣಿ ಅಲ್ಲಮ್ಮ, ಪಾತ್ರೆ ತೊಳೀತಿದ್ದೆ,” ಎಂದು ಅವರು ನಕ್ಕರು. “ಬಾ, ಒಳಗೆ ಬಾ. ಮಗ ಎಲ್ಲ ಹೇಳಿ ಈಗಷ್ಟೇ ಹೊರಗೆ ಹೋದ. ಉಸಿರು ತೆಗೆಸಿದ ಹುಡುಗಿ ನೀನೇ ಅಲ್ವಾ?”

ಅವಳ ಕಣ್ಣಿಂದ ದಳದಳನೆ ನೀರಿಳಿಯಿತು. ಅಮ್ಮ ಅವಳನ್ನು ಕೂರಿಸಿ, ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತರು.

“ನಿನ್ನ ಆ ರಾಣಿಯ ಸಿನಿಮಾಗಳಿಗೆಲ್ಲ ನಾನೇ ದನಿ ಕೊಟ್ಟೆ. ಯಾರಿಗೂ ಹೇಳಲ್ಲ ಅಂತ ಆಕೆಗೆ ಮಾತು ಕೊಟ್ಟಿದ್ದೆ, ಮಗನಿಗೂ ಬಾಯಿ ಕಟ್ಟಿದ್ದೆ. ಆಕೆ ಹೋದ ಮೇಲೂ ಇವನು ಆ ಮಾತು ಹಿಡ್ಕೊಂಡು ಒದ್ದಾಡ್ತಾನೆ. ಮಾತು ಕೊಟ್ಟೋಳು ನಾನು, ಮುರಿಯೋಳೂ ನಾನೇ ಆಗ್ಲಿ.”

“ಅಮ್ಮಾ... ಆ ಉಸಿರು! ಅಂಥ ಅಭಿನಯ ಹೇಗೆ ಹೊಳೀತು ನಿಮಗೆ?”

“ಅಭಿನಯನಾ?” ಅಮ್ಮ ಜೋರಾಗಿ ನಕ್ಕರು. “ನಾನಾಗ ತುಂಬು ಬಸುರಿ. ಮೈಕ್ ಮುಂದೆ ನಿಂತಿದ್ದೆ. ಇನ್ನೇನು ‘ಹೋಗಿ’ ಅನ್ಬೇಕು, ಹೊಟ್ಟೆ ಒಳಗಿಂದ ಈ ಮಹಾರಾಯ ಜಾಡಿಸಿ ಒದ್ದ ನೋಡು! ಉಸಿರೇ ಸಿಕ್ಕಿಹಾಕ್ಕೊಳ್ತು. ನಿರ್ದೇಶಕರು ಕಣ್ಣೊರೆಸ್ಕೊಂಡು, ‘ಇದೇ ಇರ್ಲಿ’ ಅಂದ್ರು.”

ಅವಳು ಅಳುತ್ತ ಅಳುತ್ತಲೇ ನಕ್ಕುಬಿಟ್ಟಳು. ಹಾಗಾದರೆ ಅದು ಅವನದೂ ಹೌದು. ತಾಯಿ, ಮಗ ಇಬ್ಬರನ್ನೂ ನಾನು ಒಟ್ಟಿಗೇ ಅಳಿಸಿಹಾಕಿದೆ!

“ನಾಳೆ ಚಿತ್ರದಲ್ಲಿ ನಿಮ್ಮ ಹೆಸರು ಹಾಕಿಸ್ತೀನಮ್ಮ.”

“ಆಕೆ ಇಲ್ಲದಾಗ ಹೆಸರು ಗಿಸರು ಬೇಡ. ಆ ಉಸಿರೊಂದು ಇದ್ರೆ ಸಾಕು. ಆಗುತ್ತಾ?”

ಆಗಲೇಬೇಕಿತ್ತು. ಮರುದಿನ ಬೆಳಿಗ್ಗೆ ಅವಳು ಯಜಮಾನರ ಮುಂದೆ ನಿಂತಿದ್ದಳು.

“ಏನಮ್ಮಾ, ಆಟ ಆಡ್ತಿದೀಯಾ?” ಯಜಮಾನರು ಮೇಜು ಗುದ್ದಿದರು. “ಮಧ್ಯಾಹ್ನ ಪ್ರದರ್ಶನ. ತುಟಿ ಮುಚ್ಚಿದೆ, ದೋಷ ಅಂತ ನೀನೇ ಹೇಳಿದ್ದು!”

“ಹೌದು ಸರ್. ನಾನು ಕಣ್ಣಲ್ಲಿ ನೋಡಿ ಹೇಳ್ದೆ. ಕಿವಿ ಕೊಟ್ಟು ಕೇಳಿರ್ಲಿಲ್ಲ. ತಪ್ಪು ನನ್ನದು. ಅವರದ್ದೇ ಸರಿ ಅಂತ ಎಲ್ಲರ ಮುಂದೆ ಹೇಳ್ತೀನಿ. ಉಸಿರಿಲ್ಲದ್ದು, ಉಸಿರಿರೋದು, ಒಂದು ಸಲ ಎರಡನ್ನೂ ಕೇಳಿ, ಆಮೇಲೆ ಬೇಕಾದ್ರೆ ನನ್ನನ್ನೇ ಕೆಲಸದಿಂದ ತೆಗೀರಿ.”

ಅಮ್ಮನ ಗುಟ್ಟನ್ನು ಮಾತ್ರ ಅವಳು ಬಿಟ್ಟುಕೊಡಲಿಲ್ಲ. ಯಜಮಾನರು ಗೊಣಗುತ್ತ ಎರಡನ್ನೂ ಕೇಳಿದರು. ಎರಡನೆಯದು ಮುಗಿದಾಗ ಕನ್ನಡಕ ತೆಗೆದು ಒರೆಸಿದರು.

“ಹಾಕ್ಸು,” ಎಂದರು, ಅಷ್ಟೇ.

ಮಧ್ಯಾಹ್ನ ಪ್ರದರ್ಶನದ ಕೋಣೆ ತುಂಬಿತ್ತು. ಅವಳು ಹಿಂದಿನ ಗೋಡೆಗೆ ಆತು ನಿಂತಿದ್ದಳು. ಅಮ್ಮ ಅವನನ್ನು ಹೇಗೋ ಎಳೆದು ತಂದಿದ್ದರು. ಉಸಿರು ಮರಳಿದ್ದು ಅವನಿಗೆ ಗೊತ್ತಿರಲಿಲ್ಲ. ಆ ದೃಶ್ಯ ಬಂದಾಗ ಅವನು ತಲೆ ತಗ್ಗಿಸಿ ಎದ್ದು ಹೋಗಲು ನೋಡಿದ. ಅಮ್ಮ ಅಂಗಿ ಹಿಡಿದು ಕೂರಿಸಿದರು.

‘ನಾನು ಹೋಗ್ಲಾ?’

ಆಮೇಲೆ... ಉಸಿರು.

‘ಹೋಗಿ.’

ಕೋಣೆಯಲ್ಲಿ ಯಾರೋ ಬಿಕ್ಕಿದರು. ಅವನು ತಿರುಗಿ, ಕತ್ತಲಲ್ಲಿ ಗೋಡೆಯ ಬಳಿ ಅವಳನ್ನು ಹುಡುಕಿದ.

ಚಿತ್ರ ಮುಗಿದ ಮೇಲೆ ಅವಳು ಹೊರಗಿನ ಮೊಗಸಾಲೆಯಲ್ಲಿ ಅವನ ಹೆಡ್‌ಫೋನ್ ಹಿಡಿದು ನಿಂತಿದ್ದಳು. ಆಡಲು ಎಷ್ಟೊಂದು ಮಾತು ಕೂಡಿಸಿಟ್ಟಿದ್ದಳು! ಒಂದೂ ನೆನಪಾಗಲಿಲ್ಲ.

“ತಪ್ಪಾಯ್ತು,” ಎಂದಳು.

“ಯಜಮಾನರು ಎಲ್ಲ ಹೇಳಿದ್ರು.” ಅವನು ಹೆಡ್‌ಫೋನ್ ತೆಗೆದುಕೊಂಡ. “ಬೇರೆ ಸ್ಟುಡಿಯೊದಲ್ಲಿ ಕರೀತಿದಾರೆ. ನಾಳೆಯಿಂದ್ಲೇ ಬಾ ಅಂದಿದಾರೆ.”

“ಒಳ್ಳೇದು.”

“ಹಾಗಾದ್ರೆ... ನಾನು ಹೋಗ್ಲಾ?”

ಅವಳ ಎದೆಯಾಳದಿಂದ ಒಂದು ಉಸಿರು ಮೇಲೆದ್ದು, ಅಲ್ಲೇ ಸಿಕ್ಕಿಕೊಂಡಿತು.

“ಹೋಗಿ.”

ಅವನು ಹೋಗಲಿಲ್ಲ. ಇನ್ನೊಂದು ಹೆಜ್ಜೆ ಹತ್ತಿರ ಬಂದ.

“ಹೋಗಿ ಅಂದೆನಲ್ಲ?” ಅವಳ ದನಿ ನಡುಗಿತು.

“ಅಂದ್ರಿ. ಅದಕ್ಕೆ ಮುಂಚೆ ಅಂದದ್ದೂ ಕೇಳಿಸ್ತು.”