ಹಿಂದಿನ ಸೀಟಿನ ಬೆಲ್ಟ್

ಐದು ವರ್ಷದ ಮಗಳು ಪ್ರಣೀತಾ ತೀರಿಕೊಂಡ ಮೇಲೆ ನನ್ನ ಹೆಂಡತಿ ವನಜಾಕ್ಷಿ ಮಾತೇ ಬಿಟ್ಟಿದ್ದಳು. ಸಮುದ್ರ ಕಂಡರೆ ಮನಸ್ಸು ಹಗುರಾದೀತೆಂದು ಹೊನ್ನಾಳಿಯಲ್ಲಿ ಕಾರು ಬಾಡಿಗೆಗೆ ಪಡೆದು, ಬೆಳಿಗ್ಗೆಯೇ ಮುರ್ಡೇಶ್ವರದ ಕಡೆ ಹೊರಟೆವು.

ಸವಳಂಗ ದಾಟುತ್ತಲೇ, ಹಿಂದಿನ ಸೀಟಿನವರು ಬೆಲ್ಟ್ ಹಾಕಿಲ್ಲವೆಂದು ಕಾರು ಕೀಂ ಕೀಂ ಎನ್ನತೊಡಗಿತು. ಹಿಂದೆ ಯಾರೂ ಇರಲಿಲ್ಲ. ಎಸಿ ಹಾಕಿರಲಿಲ್ಲ, ಆದರೂ ಬೆನ್ನಿಗೆ ತಣ್ಣನೆ ಗಾಳಿ ತಾಗುತ್ತಿತ್ತು.

ಗಾಡಿ ನಿಲ್ಲಿಸಿದೆ. ವನಜಾಕ್ಷಿ ಇಳಿದು ಹೋಗಿ ಹಿಂದಿನ ಬೆಲ್ಟ್ ಹಾಕಿದಳು. ಸದ್ದು ನಿಂತಿತು.

"ಸಮುದ್ರ ಬ್ಯಾಡ ರೀ. ಅವಳಿಗೆ ನಿದ್ದೆ ಬಂದೈತೆ, ಮನೆಗೆ ಹೋಗಾನ" ಎಂದಳು.

ಅಲ್ಲಿಂದಲೇ ಮನೆಗೆ ಮರಳಿದೆವು. ಸಂಜೆ ಕಾರು ಹಿಂದಿರುಗಿಸಬೇಕಿತ್ತು. "ಎಬ್ಬಿಸಬ್ಯಾಡ್ರೀ" ಎಂದು ಅಳುತ್ತಾ ಕಾರಿನ ಹಿಂಬಾಗಿಲಿಗೆ ಅಡ್ಡ ನಿಂತಳು. ಅವಳನ್ನು ಸರಿಸಿ ನಾನೇ ಬೆಲ್ಟ್ ಬಿಚ್ಚಿದೆ. ಅಲ್ಲಿಯವರೆಗೂ ಅದು ಮಗುವಿನ ಎದೆಯ ಮೇಲಿದ್ದಂತೆ ಉಬ್ಬಿ ನಿಂತಿತ್ತು.