ಎಡಗಡೆಯ ಬಾಗಿಲು

“ಬಾಗಿಲು ಒಂದೇ ಇರಲಿ. ಇನ್ನೊಂದು ಬರಕೂಡದು,” ಎಂದಳು ಆಕೆ.

ಸ್ಟುಡಿಯೋಗೆ ಹೊಸದಾಗಿ ಸೇರಿದ್ದ ಫೋಟೋ ತಿದ್ದುವವನು ಚಿತ್ರವನ್ನು ಬೆಳಕಿಗೆ ಹಿಡಿದ. ಅಂಗೈಯಗಲದ್ದು. ಮುಚ್ಚಿದ ಬಾಗಿಲ ಪಕ್ಕ ಆಕೆಯ ತಮ್ಮ ನಿಂತಿದ್ದ. ಚಿಲಕಕ್ಕೆ ಕಪ್ಪು ದಾರ ಬಿಗಿದಿತ್ತು. ಆ ಬಾಗಿಲ ಹಿಂದೆಯೇ ಅವನಿಗೆ ಮಾಟ ಮಾಡಿಸಿದ್ದರಂತೆ. ಈಗ ಆ ಮನೆ ಬಿದ್ದುಹೋಗಿದೆ, ತಮ್ಮ ಹಾಸಿಗೆ ಹಿಡಿದಿದ್ದಾನೆ. ದಾರ ಕಟ್ಟಿದ ಬಾಗಿಲು ಸದಾ ಕಣ್ಣೆದುರಿದ್ದರೆ ಒಳಗಿರುವುದು ಹೊರಬರದು, ಜೀವ ಉಳಿದೀತು ಎಂದಿದ್ದನಂತೆ ಮಂತ್ರವಾದಿ. ಅದಕ್ಕೇ ಚಿತ್ರ ಗೋಡೆಯಗಲ ಆಗಬೇಕು.

“ಚಿತ್ರದ ಬಾಗಿಲಿಂದ ಸೊಳ್ಳೆನೂ ಬರಲ್ಲ ಬಿಡಿ, ಅಕ್ಕ.”

“ನಗಬೇಡಿ. ಹೋಗೋದು ನನ್ನ ತಮ್ಮನ ಜೀವ.”

ಅವನು ಕಂಪ್ಯೂಟರಿನಲ್ಲಿ ಎರಡೂ ಪಕ್ಕಕ್ಕೆ ಗೋಡೆ ಬೆಳೆಸುತ್ತ ಹೋದ. ಸುಣ್ಣದ ಕಲೆ, ಬಿರುಕು, ನೆರಳು ಒಂದೊಂದನ್ನೇ ಎತ್ತಿ ಪಕ್ಕದಲ್ಲಿ ನೆಟ್ಟ. ಎಡಗಡೆ ಬೋಳುಬೋಳಾಗಿ ಕಂಡಿತು. ಅದೇ ಬಾಗಿಲನ್ನು ನಕಲು ಮಾಡಿ, ಎಡಬಲ ಮಗುಚಿ ಅಲ್ಲಿಟ್ಟ. ನಕಲೆಂದು ಗೊತ್ತಾಗದಂತೆ ಏನಾದರೊಂದು ಬದಲಿಸುವುದು ಆ ಕಸುಬಿನ ರೂಢಿ. ಆ ನಕಲಿನ ಚಿಲಕದಿಂದ ದಾರ ಅಳಿಸಿದ.

ಮರುದಿನ ಮಧ್ಯಾಹ್ನ ತಾನೇ ಸುರುಳಿ ಹೊತ್ತು ಆಕೆಯ ಮನೆಗೆ ಹೋಗಿ, ಕಿಟಕಿಯಿಲ್ಲದ ಕೋಣೆಯ ಗೋಡೆಗೆ ಅಂಟಿಸಿದ. ಔಷಧಿ, ಬೆವರು, ಹಸಿ ಅಂಟಿನ ವಾಸನೆ. ಅಕ್ಕ ಒಳಗೆ ನೀರು ಕಾಯಿಸುತ್ತಿದ್ದಳು.

ಹಾಸಿಗೆಯಲ್ಲಿದ್ದ ತಮ್ಮ ಬಹಳ ಹೊತ್ತು ನೋಡಿದ. “ಅಣ್ಣ, ಎಡಗಡೇದು ಕಟ್ಟಿಲ್ಲ.”

“ಅದು ಸುಮ್ನೆ ಚೆಂದಕ್ಕೆ, ಮಾರಾಯ.”

“ಒಳಗಿರೋದಕ್ಕೆ ಅದು ಗೊತ್ತಾ?”

ಸುಟ್ಟ ಕೂದಲಿನ ನಾತ ಹಬ್ಬಿತು. ಕಾಗದ ಉಬ್ಬಿತು. ಎಲ್ಲೋ ಕಬ್ಬಿಣ ಕಿರುಗುಟ್ಟಿತು. ಚಿಲಕ ಸರಿಯುತ್ತಿತ್ತು. ತಿದ್ದುವವನು ಕಾಗದ ಕಿತ್ತುಹಾಕಲೆಂದು ಉಗುರು ಊರಿದ. ಸಿಕ್ಕಿದ್ದು ಮರ. ಒಳಗಿನಿಂದ ತಳ್ಳಿತು. ಬೆನ್ನು ಕೊಟ್ಟು ನಿಂತ. ಕಾಲು ಜಾರಿತು. ಮತ್ತೆ ಒತ್ತಿದ.

“ಅಕ್ಕಾ...”

ಅವಳು ಬಂದಳು. ಗೋಡೆ ನೋಡಿದಳು. ಬೈಯಲಿಲ್ಲ. ತಮ್ಮನನ್ನು ಹೊದಿಕೆ ಸಮೇತ ಎತ್ತಿ ಹೊಸ್ತಿಲು ದಾಟಿಸಿದಳು.

“ನಾನೂ ಬಂದುಬಿಡ್ತೀನಿ, ಅಕ್ಕ.”

“ನೀವು ಬಿಟ್ಟರೆ ಅದು ಇವನ ಹಿಂದೆ ಬರತ್ತೆ. ಅಲ್ಲೇ ನಿಂತಿರಿ.”

ಕೋಣೆ ಮುಚ್ಚಿತು. ಬೀಗ ತಿರುಗಿತು. ಕತ್ತಲು. ಬೆನ್ನಿಗೆ ತಾಗುವಷ್ಟು ಹತ್ತಿರದಲ್ಲಿ ಯಾರೋ ಉಸಿರೆಳೆದರು.

ಸಂದಿಯಿಂದ ಅವಳ ದನಿ, ಮೆಲ್ಲಗೆ: “ನಿಮ್ಮ ಮನೇಲಿ ಯಾರಿದ್ದಾರೆ? ಯಾರಿಗೆ ಹೇಳಲಿ?”

ಅವನು ಬಾಯಿ ತೆರೆದ. ತಣ್ಣನೆಯ ಬೆರಳುಗಳು ಅದನ್ನು ಮುಚ್ಚಿದವು. ಅವನ ಭುಜದ ಮೇಲಿಂದ ಅವನದೇ ದನಿ ಉತ್ತರ ಕೊಟ್ಟಿತು.

“ಯಾರಿಗೂ ಬೇಡ, ಅಕ್ಕ. ನಾನೇ ಹೋಗ್ತೀನಿ. ಬಾಗಿಲು ತೆಗೀರಿ.”