ಜೀರುಂಡೆಗೆ ಬೇಕಾದ ಎತ್ತರ

"ಮತ್ತೆ ಜುಯ್ ಅಂತಿದೆ ರೀ."

ಬಾಗಿಲಲ್ಲಿ ನಿಂತು ಅವನು ಇಷ್ಟು ಹೇಳುವಷ್ಟರಲ್ಲಿ ನನ್ನ ಪಿತ್ತ ನೆತ್ತಿಗೇರಿತ್ತು. ಅದೇ ಬಾಸ್ ಗಿಟಾರು, ಅದೇ ದೂರು, ತಪ್ಪೆಲ್ಲ ತನ್ನದೇ ಎನ್ನುವಂಥ ಅದೇ ಮುಖ. ಹಿಂದಿನ ವಾರವೂ ಬಂದಿದ್ದ, ಅದರ ಹಿಂದಿನ ವಾರವೂ ಬಂದಿದ್ದ.

ಒಳಗೆ ಪಿಟೀಲಿಗೆ ಅಂಟು ಹಚ್ಚುತ್ತಿದ್ದ ಅಪ್ಪ ತಲೆಯೆತ್ತದೆ, "ಬಂತು ನೋಡು ನಿನ್ನ ಜೀರುಂಡೆ," ಎಂದರು.

"ನನ್ನದೇನಲ್ಲ," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ. ಅವನಿಗೆ ಕೇಳಿಸಿತೆಂದು ಕಾಣುತ್ತದೆ, ಕಿವಿ ಕೆಂಪಾಯಿತು.

ಈ ರಿಪೇರಿ ಅಂಗಡಿಯನ್ನು ನನ್ನ ಕೈಗೆ ಕೊಡುವಾಗ ಅಪ್ಪ ಹೇಳಿಕೊಟ್ಟದ್ದು ಒಂದೇ ಪಾಠ. ತಂತಿಯ ಎತ್ತರವನ್ನು ಅಳತೆಪಟ್ಟಿ ನೋಡಿ ಇಡಬೇಡ, ಕೈ ನೋಡಿ ಇಡು. ಮೆಲ್ಲಗೆ ಮೀಟುವವರಿಗೆ ತಂತಿ ತಗ್ಗಿನಲ್ಲಿರಬೇಕು, ಬೆರಳಿಗೆ ಆಯಾಸವಿಲ್ಲ. ಜೋರಾಗಿ ಎಳೆಯುವವರಿಗೆ ಎತ್ತರ ಬೇಕು. ಇಲ್ಲದಿದ್ದರೆ ತಂತಿ ಅಗಲವಾಗಿ ಓಲಾಡಿ ಕೆಳಗಿನ ಲೋಹದ ಪಟ್ಟಿಗಳಿಗೆ ಬಡಿಯುತ್ತದೆ, ಜುಯ್‌ಗುಡುತ್ತದೆ. ಹಾಗಾಗಿ ನಮ್ಮಲ್ಲಿಗೆ ಯಾರೇ ಬಂದರೂ ಮೊದಲು ನನ್ನೆದುರು ಕೂತು ನುಡಿಸಲೇಬೇಕು.

"ನುಡಿಸಿ," ಎಂದೆ.

ಸ್ಟೂಲಿನ ಮೇಲೆ ಕೂತ. ನಾನು ಎದುರಿಗೆ ಬಾಗಿ ತಂತಿಗೆ ಕಿವಿ ಕೊಟ್ಟೆ. ಅವನು ಒಮ್ಮೆ ನನ್ನನ್ನು ನೋಡಿದ, ಕೂಡಲೇ ತನ್ನ ಶೂ ನೋಡಿದ, ಆಮೇಲೆ ನನ್ನ ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲನ್ನು ನೋಡುತ್ತ ಉಳಿದುಬಿಟ್ಟ. ಬೆರಳು ಆಡಿತು. ಮಲಗಿದ ಮಗುವಿನ ಹಣೆ ಮುಟ್ಟುವ ಹಾಗೆ ಮುಟ್ಟುತ್ತಾನೆ ಈ ಮಹಾಶಯ. ಜುಯ್ ಇಲ್ಲ, ಗಿಯ್ ಇಲ್ಲ.

"ಎಲ್ಲಿದೆ?"

"ಅದೇ ಗೊತ್ತಾಗ್ತಿಲ್ಲ. ಇಲ್ಲಿಗೆ ಬಂದ್ರೆ ಬಾಯಿ ಮುಚ್ಕೊಳ್ಳುತ್ತೆ."

"ಡಾಕ್ಟರ್ ಬಾಗಿಲಿಗೆ ಹೋದ ತಕ್ಷಣ ಹಲ್ಲುನೋವು ಮಾಯ ಆಗುತ್ತಲ್ಲ, ಹಾಗಾ?"

"ಹಾಗೇ," ಎಂದು ನಕ್ಕ. ನಕ್ಕರೆ ಅವನ ಎಡಗೆನ್ನೆ ಮಾತ್ರ ಮೇಲೇಳುತ್ತದೆ. ಇದನ್ನೆಲ್ಲ ನಾನು ಯಾವಾಗ ಗಮನಿಸಿದೆನೋ ದೇವರಿಗೇ ಗೊತ್ತು.

"ತಂತಿ ಸ್ವಲ್ಪ ಎತ್ತರಿಸಿಬಿಡಿ, ಆಗಲ್ವಾ?"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿಮ್ಮ ಕೈಗೆ ಇಷ್ಟೇ ಎತ್ತರ ರೀ. ಇನ್ನೂ ಎತ್ತಿದ್ರೆ ಬೆರಳು ನೋಯುತ್ತೆ, ಸ್ವರ ಏಳಲ್ಲ. ಹೋಗಿ ಆಂಪ್ ತೋರಿಸಿ, ಆ ಸ್ಪೀಕರ್ ಡಬ್ಬಾನೇ ಜುಯ್ ಅಂತಿರಬೇಕು."

ಅವನು ಎದ್ದು ಹೋಗಲಿಲ್ಲ. ಬೆಲ್ಟಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಭಾನುವಾರ ರೆಕಾರ್ಡಿಂಗ್ ಇದೆ," ಎಂದ. "ಹಾಡೋದು ಅಕ್ಕ, ಡ್ರಮ್ಸ್ ಭಾವ. ಅಲ್ಲೂ ಜುಯ್ ಅಂದ್ರೆ ನನ್ನ ಜಾಗಕ್ಕೆ ಬೇರೆಯವರನ್ನ ಕರೀತಾಳಂತೆ. ತಮ್ಮ ಅಂತ ಮುಖ ನೋಡೋಳಲ್ಲ ಅವಳು. ನನಗೆ ಬರೋದು ಇದೊಂದೇ ರೀ."

ಅವನು ಹೋದ ಮೇಲೆ ಕೆಲಸಕ್ಕೆ ಕೈ ಬರಲಿಲ್ಲ. ಅದು ಸರಿಹೋಗಬೇಕೆಂಬ ಹಟ ಒಂದು ಕಡೆ. ಸರಿಹೋದರೆ ಇವನು ಇತ್ತ ತಲೆ ಹಾಕುವುದಿಲ್ಲವಲ್ಲ ಎಂಬ ಸಂಕಟ ಇನ್ನೊಂದು ಕಡೆ. ಅತ್ತ ದರಿ, ಇತ್ತ ಪುಲಿ. ನನ್ನಂಥ ಬಾಯಿಬಡುಕಿಗೆ ಇಂಥ ಗತಿ ಬರಬಾರದಿತ್ತು.

"ಆ ಹುಡುಗ ಅಕ್ಕನ ಎದುರು ಹೇಗೆ ನುಡಿಸ್ತಾನೆ, ಹೋಗಿ ನೋಡ್ಬಾರದಾ?" ಎಂದರು ಅಪ್ಪ, ಅಂಟಿನ ಡಬ್ಬಿಗೆ ಹೇಳುವ ಹಾಗೆ.

"ನನಗೇನು ಬೇರೆ ಕೆಲಸ ಇಲ್ವಾ?"

ಶನಿವಾರ ಮಧ್ಯಾಹ್ನ ಅವರ ಪ್ರಾಕ್ಟೀಸ್ ರೂಮಿನ ಮೆಟ್ಟಿಲು ಇಳಿಯುತ್ತಿದ್ದೆ. ಆಂಪೇ ಕೆಟ್ಟಿದೆಯೆಂದು ತೋರಿಸಿ, ಅವನ ಬಾಯಿ ಮುಚ್ಚಿಸಿ ಬರುವುದು ನನ್ನ ಉದ್ದೇಶ. ಅದು ನೆಲಮಾಳಿಗೆ. ಬಾಗಿಲು ಅರ್ಧ ತೆರೆದಿತ್ತು, ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದಿದ್ದರು. ಮೂಲೆಯಲ್ಲಿ ಬಾಗಿಲಿಗೆ ಓರೆಯಾಗಿ ಅವನು ನಿಂತಿದ್ದ.

ನುಡಿಸುತ್ತಿದ್ದವನು ಅವನೇ ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಬಾವಿಯಿಂದ ತುಂಬಿದ ಕೊಡ ಸೇದುವ ಹಾಗೆ ತಂತಿಯನ್ನು ಎಳೆದೆಳೆದು ಬಿಡುತ್ತಿದ್ದ. ಹಣೆಯ ಮೇಲೆ ಬೆವರು, ಹೆಗಲೆಲ್ಲ ಆಟ. ಹೊಸ್ತಿಲ ಮೇಲೆ ನಿಂತ ನನ್ನ ಹೊಟ್ಟೆಯವರೆಗೂ ಆ ನಾದ ಬಂದು ತಟ್ಟುತ್ತಿತ್ತು. ಪ್ರತಿ ಪೆಟ್ಟಿಗೂ ತಂತಿ ಪಟ್ಟಿಗೆ ಬಡಿದು ಜುಯ್ ಎನ್ನುತ್ತಿತ್ತು. ಎನ್ನದೆ ಏನು ಮಾಡೀತು? ಈ ಕೈಗೆ ನಾನಿಟ್ಟ ಎತ್ತರ ಯಾವ ಮೂಲೆಗೂ ಸಾಲದು.

ಅಷ್ಟರಲ್ಲಿ ಅವನು ತಿರುಗಿದ. ನನ್ನನ್ನು ಕಂಡ.

ಅವನ ಕೈ ನೀರಾಯಿತು. ಹಾಡು ನಡೆಯುತ್ತಲೇ ಇತ್ತು, ಅದರ ಕೆಳಗಿನ ಬಾಸ್ ಮಾತ್ರ ಯಾರೋ ಚಾಪೆ ಎಳೆದುಕೊಂಡ ಹಾಗೆ ಮಾಯವಾಯಿತು.

ಅವನ ಅಕ್ಕ ಮೈಕ್ ಬಿಟ್ಟು ತಿರುಗಿದಳು. "ಏನಾಯ್ತೋ? ಕರೆಂಟ್ ಹೋಯ್ತಾ?"

ಅವನು ತನ್ನ ಶೂ ನೋಡಿಕೊಂಡ. ಡ್ರಮ್ಸ್ ಹಿಂದಿದ್ದ ಭಾವ ಅವನನ್ನು ನೋಡಿದ, ನನ್ನನ್ನು ನೋಡಿದ, ಕೋಲುಗಳನ್ನು ತೊಡೆಯ ಮೇಲಿಟ್ಟ. "ಕರೆಂಟ್ ಬಂದಿರೋದು ಕಣೆ," ಎಂದ. "ಬಾಗಿಲಲ್ಲಿ ನಿಂತಿದೆ ನೋಡು."

ಭೂಮಿ ಬಾಯ್ಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ. ನೆಲಮಾಳಿಗೆಯಲ್ಲಿ ಇನ್ನೆಷ್ಟು ಕೆಳಗೆ ಹೋಗುವುದು? "ಬಾಸ್ ಕೊಡಿ ಇಲ್ಲಿ," ಎಂದು ಚೀಲದಿಂದ ಸ್ಕ್ರೂ ತಿರುಗಿಸುವ ಅಲೆನ್ ಕೀ ತೆಗೆದೆ. ಅಕ್ಕ, ಭಾವ ಇಬ್ಬರೂ ಟೀ ಕುಡಿಯುವ ನೆಪ ಹೇಳಿ ಮೇಲೆ ಹೋದರು. ಹೋಗುವಾಗ ಅಕ್ಕ ನನ್ನ ಬೆನ್ನು ತಟ್ಟಿದ್ದು ಯಾಕೋ ತಿಳಿಯಲಿಲ್ಲ.

ಬಾಸನ್ನು ಮಡಿಲಲ್ಲಿಟ್ಟುಕೊಂಡು, ಒಂದೊಂದು ತಂತಿಯ ಬುಡದ ಪುಟ್ಟ ಸ್ಕ್ರೂಗಳನ್ನು ತಿರುಗಿಸಿದೆ. ತಂತಿ ಕೂದಲೆಳೆಯಷ್ಟು, ಕೂದಲೆಳೆಯಷ್ಟು ಮೇಲೆದ್ದಿತು. ಈಗಷ್ಟೇ ಕೇಳಿದ ಕೈಯನ್ನೇ ನೆನೆಯುತ್ತ ಇಟ್ಟೆ.

"ನುಡಿಸಿ. ಜೋರಾಗಿ."

ನುಡಿಸಿದ. ಇರುವೆ ನಡೆದ ಹಾಗೆ.

"ಜೋರಾಗಿ ಅಂದೆ."

"ಆಗ್ತಿಲ್ಲ ರೀ." ಅವನ ದನಿಯಲ್ಲಿ ನಿಜವಾದ ಸಂಕಟವಿತ್ತು. "ನೀವು... ಸ್ವಲ್ಪ ಆ ಕಡೆ ತಿರುಗ್ತೀರಾ?"

ಗೋಡೆಯ ಕಂಬಳಿಗೆ ಮುಖ ಮಾಡಿ ನಿಂತೆ. ಬೆನ್ನ ಹಿಂದೆ ಒಂದು ಉಸಿರು ಕೇಳಿಸಿತು, ಆಮೇಲೆ ಆ ಕೈ. ಕೊಡ ಸೇದುವ ಕೈ. ಜುಯ್ ಇರಲಿಲ್ಲ. ಕಾಲ ಕೆಳಗಿನ ನೆಲ ನಡುಗುವಷ್ಟು ಶುದ್ಧ ನಾದ. ನನ್ನ ಕೆಲಸ ಮುಗಿದಿತ್ತು, ಕಣ್ಣಲ್ಲಿ ನೀರು ಯಾಕೆ ಬಂತೋ.

ನಾದ ನಿಂತಿತು.

"ತಿರುಗ್ಬೇಡಿ. ಹಾಗೇ ನಿಂತಿರಿ," ಎಂದ. "ನಿಮ್ಮ ಮುಖ ನೋಡಿದ್ರೆ ನನಗೆ ಕೈಯೂ ಬರಲ್ಲ, ಬಾಯೂ ಬರಲ್ಲ. ಇದು ಸರಿಹೋಯ್ತು. ಇನ್ನು ಮೇಲೆ ನಾನು ಯಾವ ನೆಪ ಹೇಳ್ಕೊಂಡು ಅಂಗಡಿಗೆ ಬರ್ಲಿ?"

ಮೂರು ಮಾತಿಗೆ ಆರು ಮಾತು ಜೋಡಿಸುವ ನಾನು ಕಂಬಳಿಯ ಒಂದು ಎಳೆ ಕಿತ್ತೆ. "ಭಾನುವಾರ ಚೆನ್ನಾಗಿ ನುಡಿಸಿ," ಎಂದು ಕಂಬಳಿಗೇ ಹೇಳಿ, ಅವನ ಮುಖ ನೋಡದೆ ಮೆಟ್ಟಿಲು ಹತ್ತಿ ಓಡಿಬಂದೆ. ಅಲೆನ್ ಕೀ ಅಲ್ಲೇ ಬಿಟ್ಟಿದ್ದೆ.

ಭಾನುವಾರ ಕಳೆಯಿತು. ರೆಕಾರ್ಡಿಂಗ್ ಚೆನ್ನಾಗಾಯಿತೆಂದು ಅವನ ಭಾವ ಅಪ್ಪನಿಗೆ ಫೋನ್ ಮಾಡಿ ಹೇಳಿದ. ಅವನ ಜಾಗ ಅವನಿಗೇ ಉಳಿಯಿತು. ಅವನು ಮಾತ್ರ ಬರಲಿಲ್ಲ. ಯಾಕೆ ಬಂದಾನು? ಉತ್ತರ ಕೊಡದೆ ಓಡಿಬಂದವಳ ಅಂಗಡಿಗೆ, ಕೆಡದ ಬಾಸ್ ಹೊತ್ತುಕೊಂಡು? ಬಾಗಿಲ ಸಪ್ಪಳವಾದಾಗಲೆಲ್ಲ ತಲೆಯೆತ್ತಿ ಎತ್ತಿ ಕುತ್ತಿಗೆ ನೋವು ಬಂತು. ಇಷ್ಟು ಚೆನ್ನಾಗಿ ರಿಪೇರಿ ಮಾಡಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

"ಅಂಗಡಿ ತುಂಬಾ ನಿಶ್ಶಬ್ದ ಆಗೋಯ್ತಪ್ಪ," ಎಂದರು ಅಪ್ಪ. "ಜೀರುಂಡೆ ಇದ್ರೇನೇ ಚೆನ್ನಾಗಿತ್ತು."

ಆ ಸಂಜೆ ಗೋಡೆಯಿಂದ ಅಪ್ಪನ ಹಳೆಯ ಬಾಸನ್ನು ಇಳಿಸಿದೆ. ಮಾರುವುದಕ್ಕಲ್ಲದ್ದು. ಹೊಸ ತಂತಿ ಹಾಕಿ, ಕತ್ತನ್ನು ನೆಟ್ಟಗೆ ಮಾಡಿ, ತಂತಿಯನ್ನು ಎಷ್ಟು ಸಾಧ್ಯವೋ ಅಷ್ಟೂ ತಗ್ಗಿಸಿದೆ. ಬೇರೆ ಯಾರು ಮುಟ್ಟಿದರೂ ಜುಯ್ ಎನ್ನುವಷ್ಟು. ಆಮೇಲೆ ಧೈರ್ಯ ಕರಗುವ ಮೊದಲೇ ಫೋನ್ ಮಾಡಿದೆ.

"ನಿಮ್ಮ ಬಾಸ್ ರೆಡಿ ಇದೆ. ಬನ್ನಿ."

"ನನ್ನದಾ? ನನ್ನದು ನನ್ನ ಹತ್ರಾನೇ ಇದೆಯಲ್ಲ!"

"ಅದು ನಿಮ್ಮ ಅಕ್ಕನ ಎದುರಿನ ಕೈಗೆ. ಇದು ಬೇರೆ. ಇದನ್ನ ಮನೆಗೆ ಒಯ್ಯೋ ಹಾಗಿಲ್ಲ, ಇಲ್ಲೇ ಬಂದು ನುಡಿಸ್ಬೇಕು."

"ಯಾವತ್ತು ಬರ್ಲಿ?" ಎಂದ.

"ದಿನಾ," ಎಂದೆ. ಅವನ ಉತ್ತರಕ್ಕೂ ಕಾಯದೆ ಫೋನ್ ಇಟ್ಟುಬಿಟ್ಟೆ.

ಬಂದ. ಮರೆತ ಅಲೆನ್ ಕೀಯನ್ನು ಕರವಸ್ತ್ರದಲ್ಲಿ ಸುತ್ತಿ ತಂದು ನನ್ನ ಅಂಗೈಯಲ್ಲಿಟ್ಟ, ಇಟ್ಟ ಕೈ ತೆಗೆಯುವುದು ಮರೆತ. ಆಮೇಲೆ ಅದೇ ಸ್ಟೂಲು. ನಾನು ಎದುರಿಗೆ ಕೂತೆ, ಈ ಸಲ ತಂತಿ ನೋಡಲಿಲ್ಲ, ಅವನ ಮುಖವನ್ನೇ ನೋಡಿದೆ. ಅವನೂ ಶೂ ನೋಡಲಿಲ್ಲ. ಬೆರಳು ಮುಟ್ಟಿತೋ ಇಲ್ಲವೋ ಎನ್ನುವಷ್ಟು ಮೆತ್ತಗೆ ನುಡಿಸಿದ.

"ಏನೂ ಕೇಳಿಸ್ತಿಲ್ವಲ್ಲೇ," ಎಂದರು ಅಪ್ಪ ಒಳಗಿನಿಂದ.

ನನಗೆ ಕೇಳಿಸುತ್ತಿತ್ತು.